ಮೊಲದ ಕೋಡೂ ಉದಯನನ ದೇವರೂ

ದೇವರಿಲ್ಲವೆನ್ನುವವನನ್ನು ನಾವು ಇಂದು ನಾಸ್ತಿಕನೆಂದು ಕರೆಯುತ್ತೇವೆ. ಮನುಸ್ಮೃತಿಯಲ್ಲಿ ಈ ಮಾತು ಸಲ್ಲುವುದು ವೇದನಿಂದಕನಿಗೆ. ಆದುದರಿಂದಲೇ ಜಗತ್ತಿಗೊಬ್ಬ ಕರ್ತೃವಿದ್ದಾನೆಂಬುದನ್ನು ಒಪ್ಪದ ಕುಮಾರಿಲಭಟ್ಟ, ವೇದವನ್ನು ಒಪ್ಪಿದ ಕಾರಣ, ಆಸ್ತಿಕರ ಪಂಕ್ತಿಯಲ್ಲಿಯೇ ಕುಳಿತ. ದೇವರಿಗೆ ಪ್ರಮಾಣ ಕೇಳುವುದು ಪಶ್ಚಿಮದಿಂದ ಬಂದ ಉದ್ಧಟತನವೆಂದು ಭಾವಿಸುವ ಹಿರಿಯರು ಈ ಸಂಗತಿಯನ್ನು ನೆನೆಯಬೇಕು.

ಪ್ರಮಾಣ ಕೊಡುವುದು ತನ್ನ ಹೊಣೆಯೆಂದು ಒಪ್ಪಿ ಮುಂದೆ ಬಂದವನು 10-11ನೆಯ ಶತಮಾನಗಳ ಕಾಲದ ಉದಯನಾಚಾರ್ಯ. ಅವನ ‘ನ್ಯಾಯಕುಸುಮಾಂಜಲಿ’ ಐದು ಸ್ತಬಕಗಳ ಗ್ರಂಥ. ಅಲ್ಲಿನ ಅನುಮಾನಗಳಲ್ಲೊಂದು ಬಹು ಸರಳವಾದುದು: ಗಡಿಗೆ ಕಾರ್ಯ, ಅದಕ್ಕೆ ಕುಂಬಾರನಿದ್ದಾನೆ, ಭೂಮಿಯೂ ಕಾರ್ಯ, ಅದಕ್ಕೂ ಕರ್ತೃವೊಬ್ಬನಿರಬೇಕು. ಕುಂಬಾರನಿಗೆ ಕೈಕಾಲುಗಳಿವೆ, ನಿಮ್ಮ ದೇವರಿಗೆ? ಎಂದು ಮೀಮಾಂಸಕ ಕೇಳುತ್ತಾನೆ. ಚಾರ್ವಾಕನದು ಇನ್ನೂ ನೇರವಾದ ಮಾತು: ಕಾಣುವುದಿಲ್ಲ, ಆದುದರಿಂದ ಇಲ್ಲ.

ಉದಯನನ ಉತ್ತರ ಸೂಕ್ಷ್ಮವಾಗಿದೆ. ಕಾಣತಕ್ಕ ವಸ್ತು ಕಾಣದಿದ್ದರೆ ಮಾತ್ರ ಅದನ್ನು ಇಲ್ಲವೆನ್ನಬಹುದು. ಹಗಲು ಬೆಳಕಿನಲ್ಲಿ ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲ. ಈಶ್ವರನಾದರೋ ಕಣ್ಣಿಗೆ ವಿಷಯನೇ ಅಲ್ಲ. ಹಾಗಾದರೆ ಮೊಲದ ಕೋಡಿನ ಗತಿಯೇನು? ಕೋಡು ಕಾಣತಕ್ಕದ್ದು, ಕಾಣದುದರಿಂದ ಇಲ್ಲ.

1952ರಲ್ಲಿ ಬರ್ಟ್ರಂಡ್ ರಸೆಲ್ ಒಂದು ಲೇಖನದಲ್ಲಿ ಇದೇ ಸಂದಿಗೆ ಕೈಹಾಕಿದ. (ಕೇಳಿ ಬರೆಸಿಕೊಂಡ ಪತ್ರಿಕೆಯೇ ಅದನ್ನು ಅಚ್ಚುಹಾಕಲಿಲ್ಲ.) ಭೂಮಿಗೂ ಮಂಗಳಕ್ಕೂ ನಡುವೆ ಪಿಂಗಾಣಿಯ ಚಹಾಪಾತ್ರೆಯೊಂದು ಸೂರ್ಯನನ್ನು ಸುತ್ತುತ್ತಿದೆ, ದೂರದರ್ಶಕಕ್ಕೂ ನಿಲುಕದಷ್ಟು ಚಿಕ್ಕದು ಎಂದರೆ ಯಾರೂ ಅಲ್ಲಗಳೆಯಲಾರರು. ಅಷ್ಟರಿಂದಲೇ ಅದನ್ನು ನಂಬುವವರುಂಟೆ? ಉದಯನನೂ ಇದನ್ನು ಬಲ್ಲ. ಅಲ್ಲಗಳೆಯಲಾಗದು ಎಂಬಷ್ಟರಿಂದ ತೃಪ್ತನಾಗದೆ ಅವನು ಕುಂಬಾರನನ್ನು ಕರೆತಂದುದು ಅದಕ್ಕಾಗಿಯೇ.

ಆ ಕುಂಬಾರ ಸಿಕ್ಕಿದನೆಂದೇ ಇಟ್ಟುಕೊಳ್ಳೋಣ. ನನ್ನ ತಾಯಿ ಬೇಡಿಕೊಳ್ಳುತ್ತಿದ್ದುದು ಅವನನ್ನಲ್ಲ. ಮೊರೆಯನ್ನು ಕೇಳಿ ಕರಗುವ ದೇವರನ್ನು. ತಮ್ಮನಿಗೆ ವಿಷಮಶೀತಜ್ವರ ಬಂದಾಗ ಆಕೆ ಹರಕೆ ಹೊತ್ತರು, ಅವನು ಉಳಿದ. ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯ ಹುಡುಗನ ತಾಯಿಯೂ ಹರಕೆ ಹೊತ್ತಿದ್ದರು. ಆ ಹುಡುಗ ಉಳಿಯಲಿಲ್ಲ. ಪ್ರಮಾಣದ ಮಾತು ಬಂದಾಗ ಎರಡು ಹಾಸಿಗೆಗಳನ್ನೂ ಲೆಕ್ಕಕ್ಕೆ ಹಿಡಿಯಬೇಕೆಂಬುದು ನನ್ನ ಹಟ. ಆ ಲೆಕ್ಕದಲ್ಲಿ ನನಗೆ ದೇವರು ಸಿಕ್ಕಿಲ್ಲ. ಒಮ್ಮೆ ಇದನ್ನು ತಾಯಿಗೆ ಹೇಳಿಯೂಬಿಟ್ಟೆ. “ಆ ಹುಡುಗನ ತಾಯಿ ಈಗಲೂ ಶನಿವಾರ ದೇವಸ್ಥಾನಕ್ಕೆ ಬರ್ತಾಳೆ ಕಣಪ್ಪಾ” ಎಂದಷ್ಟೇ ಅಂದು ಹೂ ಕಟ್ಟುತ್ತ ಕುಳಿತರು. ಅದು ಪ್ರಮಾಣವಲ್ಲ. ಆದರೂ ಮರುಮಾತು ನನಗೆ ಹೊಳೆಯಲಿಲ್ಲ.

ಉದಯನ ತನ್ನ ಗ್ರಂಥದ ಕೊನೆಯಲ್ಲಿ, ಶ್ರುತಿಯ ಮತ್ತು ತರ್ಕದ ನೀರಿನಿಂದ ಇಷ್ಟು ತೊಳೆದರೂ ಒಪ್ಪದ ಕಲ್ಲೆದೆಯವರ ಪರವಾಗಿ ದೇವರಲ್ಲಿ ಮೊರೆಯಿಡುತ್ತಾನೆ: ಎದುರುವಾದಕ್ಕಾಗಿಯಾದರೂ ಅವರು ನಿನ್ನನ್ನೇ ಗಾಢವಾಗಿ ಚಿಂತಿಸಿದವರು, ಕಾಲ ಬಂದಾಗ ಅವರನ್ನೂ ಕರುಣಿಸು ಎಂದು. ನಿವೃತ್ತನಾದ ಮೇಲೆ ಆ ಶ್ಲೋಕವನ್ನು ಆಗಾಗ ತೆಗೆದು ಓದುತ್ತೇನೆ. ಅವನ ತರ್ಕ ನನ್ನನ್ನು ಒಲಿಸಿಲ್ಲ. ಆದರೆ ಎದುರಾಳಿಗಾಗಿ ಹೀಗೆ ಬೇಡಿಕೊಂಡ ಇನ್ನೊಬ್ಬ ತಾರ್ಕಿಕನನ್ನು ನನ್ನ ಓದಿನಲ್ಲಿ ನಾನು ಕಂಡಿಲ್ಲ.