ಆಯಿಲ್ ಹೋದ ದಾರಿ

ಕಾರು ನಿಲ್ಲಿಸುವ ಗ್ಯಾರೇಜಿನಲ್ಲಿ ವಿಮಾನ ಕಟ್ಟಿ ಅದರಲ್ಲೇ ಹಾರುವ ಹವ್ಯಾಸಿಗಳು ಅಮೆರಿಕದಲ್ಲಿ ಸಾವಿರಾರು ಮಂದಿ ಇದ್ದಾರೆ. 1953ರಲ್ಲಿ ಪಾಲ್ ಪೊಬೆರೆಜ್ನಿ ವಿಸ್ಕಾನ್ಸಿನ್ ರಾಜ್ಯದಲ್ಲಿ ಹುಟ್ಟುಹಾಕಿದ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಇವರ ಸಂಘ. 1970ರಿಂದ ಅದರ ವಾರ್ಷಿಕ ವಿಮಾನಜಾತ್ರೆ ಆಷ್‌ಕಾಷ್ ಊರಿನಲ್ಲಿ ನೆರೆಯುತ್ತದೆ. ನಿರ್ಮಾಣದ ಹೆಚ್ಚಿನ ಪಾಲು ಹವ್ಯಾಸಿಗಳ ಕೈಯಿಂದಲೇ ಆಗಿರಬೇಕೆಂಬುದು ಅಮೆರಿಕದ ನಿಯಮ. ಹಾಗೆ ಕಟ್ಟಿದವರು ಅರ್ಹತಾಪತ್ರ ಪಡೆದರೆ ತಮ್ಮ ವಿಮಾನದ ವಾರ್ಷಿಕ ತಪಾಸಣೆಯನ್ನೂ ತಾವೇ ಮಾಡಬಹುದು. ಹೊರಗಿನಿಂದ ನೋಡುವವರಿಗೆ ರಿವೆಟ್ ಹೊಡೆಯುವುದು, ರೆಕ್ಕೆ ಜೋಡಿಸುವುದೇ ಈ ಕಸುಬಿನ ದೊಡ್ಡಸ್ತಿಕೆ ಎನಿಸಬಹುದು. ಆದರೆ ಕಟ್ಟಿದವರ ತಿಳಿವಳಿಕೆ ಒರೆಗೆ ಬೀಳುವುದು ವಿಮಾನ ಹಾರತೊಡಗಿದ ಮೇಲೆ, ತೊಂದರೆಯ ಮೂಲ ಹುಡುಕುವಾಗ. ಎಂಜಿನ್ ಆಯಿಲ್ ಕಡಿಮೆಯಾಗುವುದು ಇದಕ್ಕೆ ಒಳ್ಳೆಯ ನಿದರ್ಶನ. ಎಂಜಿನ್ ಕಾರ್ಖಾನೆಯದಾದರೂ ಅದರ ಸುತ್ತಲಿನ ಪೈಪು, ಹೋಸು, ಕವಚಗಳೆಲ್ಲ ಕಟ್ಟಿದವರ ತೀರ್ಮಾನ. ಹಾಗಾಗಿ ಎಂಜಿನ್ನನ್ನು ದೂರುವ ಮುನ್ನ ತಮ್ಮ ಕೈಕೆಲಸವನ್ನೇ ಅನುಮಾನಿಸುವುದು ಸರಿಯಾದ ಕ್ರಮ.

ಅದಕ್ಕೂ ಮೊದಲಿನ ಪ್ರಶ್ನೆ, ಆಯಿಲ್ ನಿಜಕ್ಕೂ ಕಡಿಮೆಯಾಗಿದೆಯೇ ಎಂಬುದು. ಗಾಳಿಯಿಂದ ತಣಿಯುವ ವಿಮಾನದ ಎಂಜಿನ್ ಸ್ವಲ್ಪ ಆಯಿಲ್ ಕುಡಿಯುವುದು ಸಹಜ. ಲೈಕಮಿಂಗ್ ಕಂಪನಿಯ ಸೂತ್ರದಂತೆ 160 ಅಶ್ವಶಕ್ತಿಯ ಓ-320 ಎಂಜಿನ್ನಿಗೆ ಗರಿಷ್ಠ ಮಿತಿ ಗಂಟೆಗೆ ಸುಮಾರು ಅರ್ಧ ಲೀಟರ್. ರೋಟಾಕ್ಸ್ 912 ಎಂಜಿನ್ನಿಗೆ 0.06 ಲೀಟರ್ ಮಾತ್ರ. ಒಂದಕ್ಕೆ ಸಹಜವಾದದ್ದು ಇನ್ನೊಂದಕ್ಕೆ ರೋಗ. ರೋಟಾಕ್ಸ್‌ನಲ್ಲಿ ಆಯಿಲ್ ಎಂಜಿನ್ನಿನ ಅಡಿಯಲ್ಲಿರದೆ ಬೇರೆ ಟ್ಯಾಂಕಿನಲ್ಲಿರುತ್ತದೆ. ಇಗ್ನಿಷನ್ ಆರಿಸಿ, ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಿ, ಟ್ಯಾಂಕಿನಲ್ಲಿ ಗುಳುಗುಳು ಸದ್ದು ಬಂದ ಮೇಲೆಯೇ ಡಿಪ್‌ಸ್ಟಿಕ್ ನೋಡಬೇಕು. ಇಲ್ಲದಿದ್ದರೆ ಎಂಜಿನ್ನಿನೊಳಗೆ ಉಳಿದದ್ದು ಲೆಕ್ಕಕ್ಕೆ ಸಿಗದೆ, ಇಲ್ಲದ ನಷ್ಟ ಕಾಣುತ್ತದೆ. ಹಾರಿದ ಗಂಟೆ, ಹಾಕಿದ ಆಯಿಲ್ ಎರಡನ್ನೂ ಬರೆದಿಡದವರ ದೂರಿಗೆ ಆಧಾರವೇ ಇರುವುದಿಲ್ಲ.

ನಷ್ಟ ನಿಜವೆಂದಾದರೆ ಆಯಿಲ್‌ಗೆ ಇರುವುದು ಮೂರೇ ದಾರಿ: ಉರಿದುಹೋಗಬೇಕು, ಬ್ರೀದರ್ ಪೈಪಿನಿಂದ ಹೊರಬೀಳಬೇಕು, ಇಲ್ಲವೇ ಸೋರಬೇಕು. ಉರಿಯುತ್ತಿದ್ದರೆ ಸ್ಪಾರ್ಕ್ ಪ್ಲಗ್‌ಗಳಲ್ಲಿ ಜಿಡ್ಡು ಕಾಣುತ್ತದೆ. ಸಿಲಿಂಡರಿಗೆ 80 ಪೌಂಡ್ ಒತ್ತಡದ ಗಾಳಿ ಕೊಟ್ಟು ಕಿವಿಗೊಟ್ಟರೆ, ಆಯಿಲ್ ಹಾಕುವ ಬಾಯಿಂದ ಬರುವ ಸದ್ದು ಪಿಸ್ಟನ್ ರಿಂಗುಗಳತ್ತಲೂ ಹೊಗೆಕೊಳವೆಯಿಂದ ಬರುವ ಸದ್ದು ವಾಲ್ವಿನತ್ತಲೂ ಬೆರಳು ತೋರುತ್ತದೆ. ಇಲ್ಲಿಯೂ ಕಟ್ಟಿದವರ ಪಾಲಿದೆ. ಹೊಸ ಎಂಜಿನ್ನಿನ ರಿಂಗುಗಳು ಸಿಲಿಂಡರಿಗೆ ಹೊಂದಿಕೊಳ್ಳಲು ಮೊದಲ ಗಂಟೆಗಳಲ್ಲಿ ಅದನ್ನು ಹೆಚ್ಚಿನ ಶಕ್ತಿಯಲ್ಲಿ ಓಡಿಸಬೇಕು. ಹೊಸ ವಿಮಾನದ, ಸಾಮಾನ್ಯವಾಗಿ 25 ಅಥವಾ 40 ಗಂಟೆಗಳ, ಕಡ್ಡಾಯ ಪರೀಕ್ಷಾ ಹಾರಾಟವೂ ಆಗಲೇ ಶುರುವಾಗುತ್ತದೆ. ಅಂಜಿ ಮೆಲ್ಲಗೆ ಓಡಿಸಿದರೆ ಸಿಲಿಂಡರಿನ ಗೋಡೆ ಗಾಜಿನಂತೆ ನುಣುಪಾಗಿ, ರಿಂಗು ಕೂರುವುದೇ ಇಲ್ಲ.

ಬ್ರೀದರ್ ಪೈಪಂತೂ ಪೂರ್ತಿ ಕಟ್ಟಿದವರದೇ ಲೆಕ್ಕ. ರಿಂಗುಗಳನ್ನು ದಾಟಿ ಕ್ರ್ಯಾಂಕ್‌ಕೇಸಿಗೆ ನುಗ್ಗುವ ಅನಿಲ ಈ ಪೈಪಿನಿಂದ ಹೊರಹೋಗುತ್ತದೆ. ಪೈಪಿನ ತುದಿ ಗಾಳಿಯ ಒತ್ತಡ ಕಡಿಮೆಯಿರುವ ಜಾಗದಲ್ಲಿದ್ದರೆ ಅನಿಲದ ಜೊತೆ ಆಯಿಲ್ ಕೂಡ ಸೆಳೆಯಲ್ಪಡುತ್ತದೆ. ಎಂಜಿನ್ನಿನ ಅಡಿಯ ಆಯಿಲ್ ತೊಟ್ಟಿಯಾದ ಸಂಪನ್ನು ಕಂಠಮಟ್ಟ ತುಂಬಿಸಿದರೂ ಹೀಗೇ. ಓ-320ಕ್ಕೆ 8 ಕ್ವಾರ್ಟ್, ಅಂದರೆ ಸುಮಾರು ಏಳೂವರೆ ಲೀಟರ್ ಹಿಡಿಸುತ್ತದೆ. ಆದರೆ ಮೇಲಿನ ಒಂದೆರಡು ಕ್ವಾರ್ಟನ್ನು ಎಂಜಿನ್ ಬೇಗನೆ ಹೊರಗೆಸೆಯುವುದುಂಟು. ಮತ್ತೆ ಮತ್ತೆ ತುಂಬಿಸುವವರಿಗೆ ಎಂಜಿನ್ ಕೆಟ್ಟಿದೆ ಎನಿಸುತ್ತದೆ. ಆರರಲ್ಲಿ ನಿಲ್ಲಿಸಿ ನೋಡಿದರೆ ನಷ್ಟವೇ ನಿಲ್ಲಬಹುದು. ಚಳಿಯಲ್ಲಿ ಪೈಪಿನ ತುದಿಯ ನೀರಾವಿ ಹೆಪ್ಪುಗಟ್ಟಿ ಮುಚ್ಚಿಕೊಂಡರೆ ಒಳಗಿನ ಒತ್ತಡ ಏರಿ, ಪ್ರೊಪೆಲ್ಲರ್ ಹಿಂದಿನ ಸೀಲ್ ಕಿತ್ತುಬರಬಹುದು. ಅದಕ್ಕೇ ಕವಚದೊಳಗಿನ ಬೆಚ್ಚನೆಯ ಜಾಗದಲ್ಲಿ ಪೈಪಿಗೆ ಇನ್ನೊಂದು ಕಿಂಡಿ ಕೊರೆದಿಡುತ್ತಾರೆ.

ಸೋರಿಕೆಯಾದರೆ ಕಣ್ಣಿಗೆ ಬೀಳುತ್ತದಲ್ಲ ಎನ್ನಬಹುದು. ಆದರೆ ಹಾರಾಟದ ಗಾಳಿ ಒಂದು ಹನಿಯನ್ನೂ ಹಿಂದಕ್ಕೆ ಹರಡಿ ಎಲ್ಲೆಡೆ ಬಳಿಯುತ್ತದೆ. ಎಂಜಿನ್ನನ್ನು ಚೊಕ್ಕಟವಾಗಿ ತೊಳೆದು, ಕೆಲವೇ ನಿಮಿಷ ಓಡಿಸಿ, ಜಿಡ್ಡಿನ ಎಲ್ಲಕ್ಕಿಂತ ಮುಂದಿನ ಮತ್ತು ಮೇಲಿನ ಗುರುತನ್ನು ಹುಡುಕಬೇಕು. ರಾಕರ್ ಕವರಿನ ಗ್ಯಾಸ್ಕೆಟ್, ಪುಷ್‌ರಾಡ್ ಕೊಳವೆಯ ಸೀಲ್, ಆಯಿಲ್ ಕೂಲರಿನ ಹೋಸ್ ಜೋಡಣೆಗಳು ಮೊದಲ ಶಂಕಿತರು. ಒತ್ತಡ ಅಳೆಯುವ ಸೆಂಡರನ್ನು ನೇರ ಎಂಜಿನ್ನಿಗೇ ಬಿಗಿದಿದ್ದರೆ ಅದರ ಕತ್ತು ಅದುರಿ ಅದುರಿ ಬಿರುಕು ಬಿಡಬಹುದು.

ಇಷ್ಟೆಲ್ಲ ಏಕೆ, ಕಡಿಮೆಯಾದಷ್ಟು ಹಾಕುತ್ತ ಹೋದರೆ ಸಾಲದೇ ಎಂಬ ವಾದವಿದೆ. ಸ್ಥಿರವಾಗಿರುವ ಸಣ್ಣ ಬಳಕೆಗೆ ಆ ಮಾತು ಒಪ್ಪುತ್ತದೆ. ಬಳಕೆ ಹಠಾತ್ತನೆ ಏರಿದರೆ ಒಪ್ಪದು: ಕಾದ ಹೊಗೆಕೊಳವೆಯ ಮೇಲೆ ಬಿದ್ದ ಆಯಿಲ್ ಬೆಂಕಿ ಹಿಡಿಯಬಹುದು, ಆಯಿಲ್ ಬರಿದಾದ ಎಂಜಿನ್ ನಿಮಿಷಗಳಲ್ಲಿ ಬಿಗಿದು ನಿಲ್ಲಬಹುದು. ಹವ್ಯಾಸಿಗೇಕೆ ಈ ಉಸಾಬರಿ, ನುರಿತ ಮೆಕ್ಯಾನಿಕ್ ನೋಡಲಿ ಎನ್ನುವವರೂ ಇದ್ದಾರೆ. ಸಿಲಿಂಡರ್ ಬಿಚ್ಚುವ ಹಂತ ಬಂದರೆ ಅದು ಸರಿಯೇ. ಆದರೆ ಮೆಕ್ಯಾನಿಕ್‌ಗೆ ಗೊತ್ತಿರುವುದು ಎಂಜಿನ್. ಈ ವಿಮಾನದ ಬ್ರೀದರ್ ಎಲ್ಲಿ ಹಾದು ಎಲ್ಲಿ ಮುಗಿಯುತ್ತದೆಂದು ಬಲ್ಲವರು ಕಟ್ಟಿದವರು ಮಾತ್ರ. ಸಂಘದ ಅನುಭವಿ ಸ್ವಯಂಸೇವಕರು ಮನೆಗೇ ಬಂದು ಕೆಲಸ ನೋಡಿ ಸಲಹೆ ಕೊಡುವ ಏರ್ಪಾಡೂ ಉಂಟು. ಆದ್ದರಿಂದ ಅಳತೆ, ಬ್ರೀದರ್, ಜೋಡಣೆಗಳನ್ನು ಈ ಕ್ರಮದಲ್ಲೇ ನೋಡಿ ಮುಗಿಸದೆ ಯಾರೂ ಎಂಜಿನ್ ಬಿಚ್ಚಬಾರದು. ಕಾರಣ ಸಿಗುವ ತನಕ ಹಾರಲೂ ಬಾರದು.