ವಿಯೆನ್ನಾದಲ್ಲೇ ಹುಟ್ಟಿದವರು ಯಾರು?

ಪ್ರಶ್ನೆ: ಮೊಜಾರ್ಟ್, ಬೀಥೋವನ್ ಎಂದರೆ ಆಸ್ಟ್ರಿಯಾದ ರಾಜಧಾನಿ ವಿಯೆನ್ನಾ ನೆನಪಾಗುತ್ತದೆ. ಇವರು ಅಲ್ಲೇ ಹುಟ್ಟಿದವರೇ?

ಉತ್ತರ: ಇಬ್ಬರೂ ಅಲ್ಲ! ಮೊಜಾರ್ಟ್ ಹುಟ್ಟಿದ್ದು ಸಾಲ್ಸ್‌ಬರ್ಗ್‌ನಲ್ಲಿ, ಬೀಥೋವನ್ ಜರ್ಮನಿಯ ಬಾನ್‌ನಲ್ಲಿ. ವಿಯೆನ್ನಾದ ಜೊತೆ ನೆನಪಾಗುವ ಇನ್ನೊಬ್ಬ ಸಂಗೀತಗಾರ ಬ್ರಾಮ್ಸ್ ಕೂಡ ಹ್ಯಾಂಬರ್ಗ್‌ನವರು. ಚಕ್ರವರ್ತಿಯ ಆಸ್ಥಾನ, ಕೈಬಿಚ್ಚಿ ಕೊಡುವ ಶ್ರೀಮಂತರು, ರಂಗಮಂದಿರಗಳು ಇದ್ದ ಊರಿಗೆ ಸಂಗೀತಗಾರರು ಹೊಟ್ಟೆಪಾಡಿಗೂ ಹೆಸರಿಗೂ ಬಂದು ಸೇರುತ್ತಿದ್ದರು.

ಆ ಊರಿನ ಸ್ವಂತ ಮಗನೆಂದರೆ ಫ್ರಾನ್ಜ್ ಶೂಬರ್ಟ್. ಶಾಲಾ ಮಾಸ್ತರರ ಮಗ. 1797ರ ಜನವರಿ 31ರಂದು ಅವರು ಹುಟ್ಟಿದ ಮನೆ ಈಗ ಮ್ಯೂಸಿಯಂ. ಅವರು ಹಾಕಿಕೊಳ್ಳುತ್ತಿದ್ದ ಕನ್ನಡಕವನ್ನು ಅಲ್ಲಿ ನೋಡಬಹುದು. ಆರುನೂರಕ್ಕೂ ಹೆಚ್ಚು ಗೀತೆಗಳನ್ನು ರಚಿಸಿದ ಈ ಮನುಷ್ಯ ಬರೀ ತಮ್ಮ ಕೃತಿಗಳದೇ ಸಾರ್ವಜನಿಕ ಕಛೇರಿ ನಡೆಸಿದ್ದು ಒಂದೇ ಸಲ, 1828ರ ಮಾರ್ಚ್‌ನಲ್ಲಿ. ಅದೇ ನವೆಂಬರ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ ಬರೀ 31 ವರ್ಷ.

ಸಂಗೀತ ಬಿಟ್ಟರೆ, ಭೌತವಿಜ್ಞಾನಿ ಶ್ರೋಡಿಂಗರ್ (1887) ಇಲ್ಲಿಯವರೇ. ಹಾಲಿವುಡ್ ತಾರೆ ಹೆಡಿ ಲಮಾರ್ (1914) ಕೂಡ. ಶತ್ರುಗಳು ರೇಡಿಯೊ ಸಂಕೇತಕ್ಕೆ ಅಡ್ಡಿಪಡಿಸದಂತೆ ತರಂಗಾಂತರ ಬದಲಿಸುತ್ತಾ ಹೋಗುವ ತಂತ್ರಕ್ಕೆ 1942ರಲ್ಲಿ ಸಂಗೀತಗಾರ ಜಾರ್ಜ್ ಆಂಥೈಲ್ ಜೊತೆ ಪೇಟೆಂಟ್ ಪಡೆದವರು!

ನನ್ನ ಮಟ್ಟಿಗೆ ಇವರೆಲ್ಲರಿಗಿಂತ ದೊಡ್ಡ ಹೆಸರು ಲೀಸೆ ಮೈಟ್ನರ್ (1878). ಪರಮಾಣು ಬೀಜ ಒಡೆಯುವುದು ಹೇಗೆಂದು ಅಕ್ಕನ ಮಗ ಓಟೊ ಫ್ರಿಶ್ ಜೊತೆ ವಿವರಿಸಿದವರು. ಆ ಸಂಶೋಧನೆಯ ನೊಬೆಲ್ ಮಾತ್ರ ಸಹೋದ್ಯೋಗಿ ಓಟೊ ಹಾನ್ ಒಬ್ಬರ ಪಾಲಾಯಿತು. ಅನ್ಯಾಯವೇ ಸರಿ. 109ನೇ ಮೂಲಧಾತುವಿಗೆ ಮೈಟ್ನೇರಿಯಂ ಎಂದು ಹೆಸರಿಟ್ಟದ್ದು ಅವರ ಗೌರವಾರ್ಥವಾಗಿಯೇ.