ಕಾಲ್ಚೆಂಡಾಟದ ಗೆಲುವಿನಲ್ಲಿ ದೈವ ಮತ್ತು ಪುರುಷಕಾರ

ಗೆಲುವಿಗೆ ಕಾರಣವೇನೆಂದು ಕೇಳಿದರೆ ಗೆದ್ದವರು ಕೌಶಲವನ್ನೂ ಸೋತವರು ಅದೃಷ್ಟವನ್ನೂ ಹೆಸರಿಸುವುದು ಲೋಕರೂಢಿ. ‘ಅದೃಷ್ಟ’ವೆಂಬ ಮಾತಿನ ಮೂಲಾರ್ಥ ಕಣ್ಣಿಗೆ ಕಾಣದುದು ಎಂದಷ್ಟೆ. ಕಾಣದುದನ್ನು ಅಳೆಯುವುದು ಅಸಾಧ್ಯವೆಂದು ನಾವು ಭಾವಿಸುವುದುಂಟು. ಆದರೆ ಸಂಭವನೀಯತೆಯ ಗಣಿತವು ಅದರ ಪರಿಮಾಣವನ್ನು ಒಂದು ಮಟ್ಟಿಗೆ ತೋರಿಸಬಲ್ಲುದು. ಕಾಲ್ಚೆಂಡಾಟದ ಚಾಂಪಿಯನ್ ಪದವಿಯಲ್ಲಿ ದೈವದ ಪಾಲೆಷ್ಟು, ಪುರುಷಕಾರದ ಪಾಲೆಷ್ಟು ಎಂಬುದನ್ನು ನಮ್ಮ ನಾಡಿನ ನಿದರ್ಶನಗಳಿಂದಲೇ ಪರಿಶೀಲಿಸುವುದು ಈ ಲೇಖನದ ಉದ್ದೇಶ.

2015ನೆಯ ಮೇ 31ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಐ-ಲೀಗಿನ ಕೊನೆಯ ಪಂದ್ಯ ನಡೆಯಿತು. ಗೆದ್ದರೆ ಬೆಂಗಳೂರು ಎಫ್.ಸಿ.ಗೆ ಪದವಿ; ಪಂದ್ಯ ಸಮವಾದರೂ ಸಾಕು, ಪದವಿ ಮೋಹನ್ ಬಾಗಾನಿಗೆ. ಜಾನ್ ಜಾನ್ಸನ್ ಹೊಡೆದ ಗೋಲಿನಿಂದ ಬೆಂಗಳೂರು ಮುಂದಿತ್ತು. 87ನೆಯ ನಿಮಿಷದಲ್ಲಿ ಬೆಲ್ಲೊ ರಜಾಕ್ ಸಮಗೋಲು ಸಾಧಿಸಿದನು. 20 ಪಂದ್ಯಗಳ ತರುವಾಯ ಬಾಗಾನಿಗೆ 39, ಬೆಂಗಳೂರಿಗೆ 37 ಅಂಕಗಳು. ಆ ಒಂದು ಗೋಲು ಆಗದಿದ್ದರೆ ಲೆಕ್ಕ 39ಕ್ಕೆ 38 ಆಗಿ ಬೆಂಗಳೂರೇ ಮೇಲಾಗುತ್ತಿತ್ತು. ಇಡೀ ಋತುವಿನ ಶ್ರಮದ ಫಲ ಒಂದೇ ಕ್ಷಣದಲ್ಲಿ ಕೈಬದಲಾಯಿತು.

ಹೀಗಾಗುವುದೇಕೆ? ಈ ಆಟದಲ್ಲಿ ಗೋಲುಗಳು ವಿರಳವೆಂಬುದೇ ಮುಖ್ಯ ಕಾರಣ. ಫ್ರೆಂಚ್ ಗಣಿತಜ್ಞ ಪ್ವಾಸೋನನ ಹೆಸರಿನ ನಿಯಮವು ಇಂತಹ ವಿರಳ ಘಟನೆಗಳಿಗೆ ಸುಮಾರಾಗಿ ಒಪ್ಪುತ್ತದೆ. ಒಂದು ತಂಡದ ಸರಾಸರಿ ಪಂದ್ಯಕ್ಕೆ ಒಂದೂವರೆ ಗೋಲು, ಎದುರಾಳಿಯದು ಒಂದು ಗೋಲು ಎಂದು ಊಹಿಸೋಣ. ಬಲದಲ್ಲಿ ಅಂತರ ಸ್ಪಷ್ಟವಾಗಿಯೇ ಇದೆ. ಆದರೂ ಲೆಕ್ಕ ಹಾಕಿದರೆ ಬಲಿಷ್ಠ ತಂಡವು ನೂರು ಪಂದ್ಯಗಳಲ್ಲಿ ಸುಮಾರು 49ನ್ನು ಮಾತ್ರ ಗೆಲ್ಲುತ್ತದೆ, 26 ಸಮವಾಗುತ್ತವೆ, 25ರಲ್ಲಿ ಅದು ಸೋಲುತ್ತದೆ. ಅದೇ ಪ್ರಮಾಣವನ್ನು ಉಳಿಸಿಕೊಂಡು ಗೋಲುಗಳನ್ನು ಹತ್ತುಪಟ್ಟು ಹೆಚ್ಚಿಸಿದರೆ, ಅಂದರೆ ಹದಿನೈದು ಮತ್ತು ಹತ್ತು ಎಂದಿಟ್ಟುಕೊಂಡರೆ, ಅದರ ಗೆಲುವುಗಳು 80ನ್ನು ದಾಟುತ್ತವೆ. ಕೌಶಲದ ಅಂತರ ಒಂದೇ; ಅದು ಪ್ರಕಟವಾಗಲು ದೊರೆಯುವ ಅವಕಾಶಗಳ ಸಂಖ್ಯೆ ಮಾತ್ರ ಬೇರೆ.

ಹಲವು ಪಂದ್ಯಗಳ ಲೀಗಿನಲ್ಲಿ ಈ ದೋಷ ತಗ್ಗುತ್ತದೆ, ಅಳಿಯುವುದಿಲ್ಲ. ಮೇಲಿನ ಬಲಿಷ್ಠ ತಂಡವು ಸಮಾನ ಎದುರಾಳಿಗಳೊಡನೆ 20 ಪಂದ್ಯಗಳನ್ನು ಆಡಿದರೆ ಅದಕ್ಕೆ ಸರಾಸರಿ 34 ಅಂಕಗಳು ಬರಬೇಕು. ಆದರೆ ಕೇವಲ ಆಕಸ್ಮಿಕದಿಂದಲೇ ಆ ಮೊತ್ತವು ಐದಾರು ಅಂಕಗಳಷ್ಟು ಮೇಲೆ ಕೆಳಗೆ ಸರಿಯುವುದು ಸಹಜ. ಹೀಗಿರುವಾಗ 39 ಮತ್ತು 37ರ ನಡುವಣ ಅಂತರದಿಂದ ಯಾವ ತಂಡ ಉತ್ತಮವೆಂದು ನಿರ್ಣಯಿಸುವುದು ನ್ಯಾಯವಲ್ಲ. ಪದವಿ ಒಬ್ಬರಿಗೇ ಸಲ್ಲಬೇಕಾದುದು ಪಂದ್ಯಾಟದ ನಿಯಮ. ಶ್ರೇಷ್ಠತೆಯ ಪ್ರಮಾಣ ಬೇರೆ ವಿಷಯ.

ಒಂದೇ ಪಂದ್ಯದಿಂದ ನಿರ್ಣಯವಾಗುವ ಅಂತಿಮ ಹಣಾಹಣಿಯಲ್ಲಿ ದೈವದ ಪಾಲು ಇನ್ನೂ ಹಿರಿದು. 2017-18ರ ಇಂಡಿಯನ್ ಸೂಪರ್ ಲೀಗಿನಲ್ಲಿ ಬೆಂಗಳೂರು 18 ಪಂದ್ಯಗಳಿಂದ 40 ಅಂಕಗಳನ್ನು ಗಳಿಸಿ, ಎರಡನೆಯ ಸ್ಥಾನದ ಚೆನ್ನೈಯಿನ್ ತಂಡಕ್ಕಿಂತ 8 ಅಂಕಗಳಷ್ಟು ಮುಂದಿತ್ತು. ಆದರೂ ಅಂತಿಮ ಪಂದ್ಯದಲ್ಲಿ, ಅದೂ ತನ್ನ ಮನೆಯಂಗಳದಲ್ಲಿ, ಅದೇ ಚೆನ್ನೈಯಿನ್‌ಗೆ 2-3ರಿಂದ ಸೋತಿತು. ಮರುವರ್ಷ ಅದು ಗಳಿಸಿದುದು 34 ಅಂಕಗಳು. ಗೋವಾ ತಂಡದ್ದೂ ಅಷ್ಟೆ. ಆ ಸಲ ಮುಂಬಯಿಯ ಅಂತಿಮ ಪಂದ್ಯದ 117ನೆಯ ನಿಮಿಷದಲ್ಲಿ ರಾಹುಲ್ ಭೇಕೆಯ ಗೋಲಿನಿಂದ ಪದವಿ ಬೆಂಗಳೂರಿಗೆ ಒಲಿಯಿತು. ಹೆಚ್ಚು ಅಂಕ ಗಳಿಸಿದ ವರ್ಷ ಸೋಲು, ಕಡಮೆ ಗಳಿಸಿದ ವರ್ಷ ಗೆಲುವು! 2023ರ ಅಂತಿಮ ಪಂದ್ಯವಂತೂ 2-2ರಲ್ಲಿ ಸಮವಾಗಿ, ಪೆನಾಲ್ಟಿ ಒದೆತಗಳಲ್ಲಿ 3-4ರಿಂದ ಕೈತಪ್ಪಿತು.

ಹಾಗಾದರೆ ಎಲ್ಲವೂ ಕಾಕತಾಳೀಯವೆ? ಅಲ್ಲ. ಆಕಸ್ಮಿಕವು ಒಂದೇ ಮನೆಯ ಬಾಗಿಲನ್ನು ಮತ್ತೆ ಮತ್ತೆ ತಟ್ಟುವುದು ಅಪೂರ್ವ. 2013ರಲ್ಲಿ ಸ್ಥಾಪಿತವಾದ ಬೆಂಗಳೂರು ಎಫ್.ಸಿ. 13 ತಂಡಗಳಿದ್ದ ತನ್ನ ಮೊದಲ ಐ-ಲೀಗನ್ನೂ, 9 ತಂಡಗಳಿದ್ದ 2015-16ರ ಲೀಗನ್ನೂ ಗೆದ್ದಿತು. ಚೀಟಿಯೆತ್ತಿ ಪದವಿ ಕೊಡುತ್ತಿದ್ದರೆ ಈ ಎರಡೂ ಒಂದು ಗೊತ್ತಾದ ತಂಡಕ್ಕೆ ಒದಗುವ ಸಂಭವ 117ರಲ್ಲಿ ಒಂದು. ನಡುವಣ ವರ್ಷದ ಎರಡನೆಯ ಸ್ಥಾನವನ್ನೂ ಸೇರಿಸಿದರೆ ಅದು ಇನ್ನೂ ಕಡಮೆಯಾಗುತ್ತದೆ. 1937 ಮತ್ತು 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ರೋವರ್ಸ್ ಕಪ್ಪನ್ನು ಗೆದ್ದುದು, 1967-68 ಮತ್ತು 1968-69ರಲ್ಲಿ ಮೈಸೂರು ತಂಡವು ಸಂತೋಷ್ ಟ್ರೋಫಿಯನ್ನು ಗೆದ್ದುದು ಇದೇ ಬಗೆಯ ಸಾಕ್ಷ್ಯಗಳು. ಆ ಬಳಿಕ ಸಂತೋಷ್ ಟ್ರೋಫಿ ಕರ್ನಾಟಕಕ್ಕೆ ಮರಳಿದುದು 2023ರಲ್ಲಿ, ರಿಯಾದ್ ನಗರದಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದಾಗ. ಇಷ್ಟು ದೀರ್ಘಕಾಲದ ಬರವನ್ನು ದುರದೃಷ್ಟವೊಂದರ ಮೇಲೆಯೇ ಹೊರಿಸುವುದೂ ಸಲ್ಲದು.

ಕೌಶಲವು ತಂಡವನ್ನು ಪದವಿಯ ಹೊಸ್ತಿಲವರೆಗೆ ತಪ್ಪದೆ ಒಯ್ಯುತ್ತದೆ; ಹೊಸ್ತಿಲು ದಾಟುವಾಗ ಹಲವು ವೇಳೆ ದೈವದ ಕೈಯೂ ಬೇಕು. ತಂಡಗಳ ಬಲ ಸಮೀಪಿಸಿದಷ್ಟೂ ಈ ಕೈ ನಿರ್ಣಾಯಕವಾಗುತ್ತದೆ. ಈ ವಿವೇಕ ನಮ್ಮ ಕಾಲೇಜು ಮೈದಾನಗಳಿಗೂ ಅಗತ್ಯ. ರಾಜಾಜಿನಗರದಲ್ಲಾಗಲಿ ಕೆಂಗೇರಿಯಲ್ಲಾಗಲಿ, ಒಂದು ನಾಕೌಟ್ ಪಂದ್ಯದಲ್ಲಿ ಸೋತ ಮಾತ್ರಕ್ಕೆ ಹುಡುಗರನ್ನು ಕೈಬಿಡುವ ಅಧ್ಯಾಪಕನು ಆಟಗಾರರನ್ನಲ್ಲ, ಆಕಸ್ಮಿಕವನ್ನು ಪರೀಕ್ಷಿಸಿದಂತಾಗುತ್ತದೆ. ಪ್ರತಿ ಪಂದ್ಯದಲ್ಲಿಯೂ ಪಡೆದ ಮತ್ತು ಬಿಟ್ಟುಕೊಟ್ಟ ಗೋಲವಕಾಶಗಳನ್ನು ವರ್ಷವಿಡೀ ಬರೆದಿಟ್ಟರೆ ತಂಡದ ನಿಜವಾದ ಬಲ ತಿಳಿದೀತು. ಫಲವನ್ನು ಒಂದು ದಿನದಿಂದಲ್ಲ, ಹಲವು ಋತುಗಳಿಂದ ಅಳೆಯುವುದೇ ನ್ಯಾಯವಾದ ಮಾರ್ಗ.